ಉಳುವ ಹೊಲವನ್ನು ಸೋಲಾರ್‌ಗೆ ಕೊಡಬೇಕಾ? ಮನೆಯಲ್ಲೇ ಎರಡು ಮಾತಾಗಿದೆ

ಬದುವಿನಂಚು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪ, ಚಿಕ್ಕಪ್ಪ ಇಬ್ಬರದೂ ಸೇರಿ ನಮಗೆ 30 ಎಕರೆ ಇದೆ. ಒಂದು ಸೋಲಾರ್ ಕಂಪನಿಯವರು ನಮ್ಮದೂ ಅಕ್ಕಪಕ್ಕದವರದೂ ಸೇರಿಸಿ ಒಂದೇ ಕಡೆ 250 ಎಕರೆ ಬೇಕು ಅಂತ ಓಡಾಡುತ್ತಿದ್ದಾರೆ. ಕೊಳ್ಳುವುದಿಲ್ಲವಂತೆ, 28 ವರ್ಷದ ಗುತ್ತಿಗೆ. ಅಪ್ಪನಿಗೆ ಒಪ್ಪಿಗೆ. ಮಳೆ ಬಂದರೂ ಬಾಡಿಗೆ, ಬರದಿದ್ದರೂ ಬಾಡಿಗೆ, ಈ ವಯಸ್ಸಿನಲ್ಲಿ ಇನ್ನೇನು ಬೇಕು ಅನ್ನುತ್ತಾರೆ. ಚಿಕ್ಕಪ್ಪ ಮಾತ್ರ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. 28 ವರ್ಷ ಉಳದೆ ಬಿಟ್ಟ ಮಣ್ಣು ಮಣ್ಣಾಗಿ ಉಳಿಯುವುದಿಲ್ಲ, ಪ್ಯಾನೆಲ್‌ನಿಂದ ವಿಷ ಇಳಿಯುತ್ತದೆ, ನಾವು ಹೋದ ಮೇಲೆ ನಿಮಗೆ ಸಿಗುವುದು ಕಬ್ಬಿಣದ ಕಂಬದ ಕಾಡು ಅಂತಾರೆ.

ನಾನು ಸೋಲಾರ್ ವಿರೋಧಿ ಅಲ್ಲ. ಕಲ್ಲಿದ್ದಲು ಸುಡುವುದು ನಿಲ್ಲಬೇಕು ಅಂತ ನನಗೂ ಇದೆ. ಆದರೆ ಅವರು ಕೇಳುತ್ತಿರುವುದು ನಮ್ಮ ಕಡೆಯ ಒಳ್ಳೆಯ ಮಣ್ಣು. ಸಮತಟ್ಟು, ನೀರು ಹಿಡಿಯುತ್ತದೆ, ಎರಡು ಬೆಳೆ ಕೊಡುತ್ತದೆ. ಇಲ್ಲಿಂದ ಎರಡು ಮೈಲಿ ಆಚೆ ಕಲ್ಲು ಮಿಶ್ರಿತ ಬರಡು ನೆಲ ಎಷ್ಟೋ ವರ್ಷದಿಂದ ಸುಮ್ನೆ ಬಿದ್ದಿದೆ. ಅದನ್ನು ಯಾಕೆ ಕೇಳುತ್ತಿಲ್ಲ ಅನ್ನುವುದೇ ನನಗೆ ಅರ್ಥ ಆಗುತ್ತಿಲ್ಲ. ಬಿಸಿಲು ಅಲ್ಲೂ ಬೀಳುತ್ತದೆ ಅಲ್ವಾ?

ಯಾರಾದರೂ ಈ ಕೆಲಸ ಹತ್ತಿರದಿಂದ ನೋಡಿದವರು ಇದ್ದರೆ ಹೇಳಿ. ಮಣ್ಣು ನಿಜವಾಗಿ ಹಾಳಾಗುತ್ತದಾ? ಬೆಳೆಯನ್ನೂ ಇಟ್ಟುಕೊಂಡು ಪ್ಯಾನೆಲ್ ಹಾಕುವುದು ಆಗುವ ಮಾತಾ?

ಟ್ರಾನ್ಸ್‌ಫಾರ್ಮರ್:

ಸೋಲಾರ್ ಪ್ಲಾಂಟ್ ಕಟ್ಟುವ ಕೆಲಸದಲ್ಲಿ ಹತ್ತು ವರ್ಷ ಇದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬಿಸಿಲಲ್ಲ, ತಂತಿ. ನಿಮ್ಮ ಹೊಲದ ಹತ್ತಿರ ಎಲ್ಲೋ ಒಂದು ಸಬ್‌ಸ್ಟೇಷನ್ ಇರಬೇಕು, ಹೋಗಿ ನೋಡಿ. ಕರೆಂಟ್ ಹುಟ್ಟಿಸುವುದು ಸುಲಭ, ಅದನ್ನು ಸಾಗಿಸುವುದೇ ಖರ್ಚು. ಸಬ್‌ಸ್ಟೇಷನ್‌ನಿಂದ ದೂರ ಹೋದಷ್ಟೂ ಹೊಸ ಲೈನ್ ಎಳೆಯಬೇಕು, ದಾರಿಯಲ್ಲಿ ಸಿಗುವ ಪ್ರತಿಯೊಬ್ಬರ ಹತ್ತಿರ ಒಪ್ಪಿಗೆ ತಗೋಬೇಕು, ಅದರಲ್ಲೇ ವರ್ಷಗಟ್ಟಲೆ ಹೋಗುತ್ತದೆ. ಇನ್ನು ಕಲ್ಲು ನೆಲದಲ್ಲಿ ಕಂಬ ಇಳಿಸಲು ಮೊದಲೇ ತೂತು ಕೊರೆಯಬೇಕು. ಮೆತ್ತಗಿನ ಮಣ್ಣಾದರೆ ಯಂತ್ರ ಒಂದೇ ಸಮನೆ ಬಡಿದುಕೊಂಡು ಹೋಗುತ್ತದೆ. ಒಳ್ಳೆಯ ಹೊಲ ಅಂದರೆ ರೈತನಿಗೆ ಏನೇನು ಬೇಕೋ ನಮಗೂ ಅದೇ ಬೇಕು, ಸಮತಟ್ಟು, ಬಯಲು, ರಸ್ತೆ ಹತ್ತಿರ. ಜಗಳ ಹುಟ್ಟುವುದೇ ಅಲ್ಲಿಂದ.

ಲೆಕ್ಕ ಹೇಳಬೇಕೆಂದರೆ ಒಂದು ಮೆಗಾವ್ಯಾಟ್‌ಗೆ 4ರಿಂದ 6 ಎಕರೆ ಹಿಡಿಯುತ್ತದೆ. ನಿಮ್ಮಲ್ಲಿ 250 ಎಕರೆ ಕೇಳುತ್ತಿದ್ದಾರೆ ಅಂದರೆ 50 ಮೆಗಾವ್ಯಾಟ್ ಹತ್ತಿರದ್ದು ಇರಬೇಕು.

ಆದರೆ ಹೊಲಕ್ಕೆ ಪ್ಯಾನೆಲ್ ಹಾಕಿದರೆ ಊಟಕ್ಕೆ ಕುತ್ತು ಬರುತ್ತದೆ ಅಂತ ಕೆಲವರು ಹೇಳುತ್ತಾರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಲ್ಲಿ 2020ರಲ್ಲಿ ಅಲ್ಲಿನ ಹಳ್ಳಿಗಾಡಿನಲ್ಲಿ ಸೋಲಾರ್ ಮತ್ತು ಗಾಳಿಯಂತ್ರ ಎರಡೂ ಸೇರಿ ಹಿಡಿದಿದ್ದ ಜಾಗ ಸುಮಾರು 4,24,000 ಎಕರೆ. ಕೃಷಿ ಭೂಮಿ ಇರುವುದು ಸುಮಾರು 90 ಕೋಟಿ ಎಕರೆ. ಅದೇ ದೇಶದಲ್ಲಿ ಬೆಳೆಯುವ ಮೆಕ್ಕೆಜೋಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಥೆನಾಲ್ ಮಾಡಲು ಹೋಗುತ್ತದೆ, ಅಂದರೆ ಗಾಡಿಯ ಟ್ಯಾಂಕಿಗೆ. ಗಿಡ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಹಿಡಿಯುತ್ತದೆ, ಈಗಿನ ಪ್ಯಾನೆಲ್ 20ಕ್ಕಿಂತ ಜಾಸ್ತಿ ಹಿಡಿಯುತ್ತದೆ. ಗಾಡಿ ಓಡಿಸುವುದಕ್ಕೆ ಹೊಲ ಬಳಸುವುದೇ ಆದರೆ ಪ್ಯಾನೆಲ್ ಹಾಕಿದ ಎಕರೆ ಹತ್ತಾರು ಪಟ್ಟು ದೂರ ಕರೆದೊಯ್ಯುತ್ತದೆ.

ಹಾಗಂತ ಎಲ್ಲಿ ಬೇಕಾದರೂ ಹಾಕಿ ಅಂತ ಹೇಳುತ್ತಿಲ್ಲ. ನಿಮ್ಮ ಪಕ್ಕದ ಬರಡು ನೆಲದ ಪ್ರಶ್ನೆ ಸರಿಯಾದ ಪ್ರಶ್ನೆ. 50 ಮೆಗಾವ್ಯಾಟ್‌ನಂಥ ದೊಡ್ಡ ಪ್ಲಾಂಟಿಗೆ ಎರಡು ಮೈಲಿ ಲೈನ್ ಅಂದರೆ ಆಗದ ಕೆಲಸ ಅಲ್ಲವೇ ಅಲ್ಲ. ಖರ್ಚು ಯಾರದು ಅನ್ನುವುದಷ್ಟೇ.

ಮಣ್ಣಿನ ಋಣ:

ಮೇಲಿನವರು ಹೇಳಿದ ಅಂಕಿ ಸುಳ್ಳಲ್ಲ. ಆದರೆ ಆ ಅಂಕಿಯಿಂದ ನನಗೆ ಸಮಾಧಾನ ಆಗುವುದಿಲ್ಲ. ಇಡೀ ದೇಶದ ಲೆಕ್ಕದಲ್ಲಿ ಅದು ಪುಡಿಗಾಸು ಇರಬಹುದು. ಪ್ಲಾಂಟ್ ಬರುವುದು ಇಡೀ ದೇಶಕ್ಕೆ ಹಂಚಿಕೊಂಡಲ್ಲ, ಒಂದೇ ಜಾಗಕ್ಕೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ಅಷ್ಟೂ ಐದು ಹಳ್ಳಿಗಳ ನೆಲ. ಅಲ್ಲಿ ರೈತರಿಂದ ಭೂಮಿ ಕಿತ್ತುಕೊಳ್ಳದೆ ಗುತ್ತಿಗೆಗೆ ತಗೊಂಡರು, ಅದು ಒಳ್ಳೆಯದೇ. ಪದೇ ಪದೇ ಬರ ಬೀಳುವ ಜಾಗ, ಹಾಗಾಗಿ ಖಾತ್ರಿ ಬಾಡಿಗೆ ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿತು, ಅದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕೊಯ್ದು, ಒಕ್ಕಿ ಬದುಕುತ್ತಿದ್ದವರಿಗೆ ಒಂದು ಕಾಗದವೂ ಇಲ್ಲ. ಕೋರಿಗೆ ಮಾಡುವವರು, ಬದುವಿನ ಹುಲ್ಲು ನಂಬಿ ಎರಡು ಹಸು ಕಟ್ಟಿದವರು, ಇವರ ಹೆಸರು ಯಾವ ಕರಾರಿನಲ್ಲೂ ಬರುವುದಿಲ್ಲ. ಪ್ಲಾಂಟ್ ಕಟ್ಟುವಾಗ ಒಂದೆರಡು ವರ್ಷ ಕೂಲಿ ಸಿಗುತ್ತದೆ. ಕಟ್ಟಿ ಮುಗಿದ ಮೇಲೆ ಕಾವಲು, ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು, ಅಷ್ಟೇ.

ತಮ್ಮಾ, ನಿಮ್ಮ 30 ಎಕರೆಯಲ್ಲಿ ವರ್ಷಕ್ಕೆ ಎಷ್ಟು ಜನ ಎಷ್ಟು ದಿನ ಕೂಲಿ ಮಾಡುತ್ತಾರೆ ಅಂತ ಒಂದು ಸಲ ಕೂತು ಬರೆದು ನೋಡು.

ಇನ್ನು ಮಣ್ಣಿನ ಮಾತು. ನೆರಳು ಬಿದ್ದರೆ ಮಣ್ಣು ಸಾಯುವುದಿಲ್ಲ, ಅದು ನಿಜ. ಉಳದೆ, ಗೊಬ್ಬರ ಸುರಿಯದೆ, ಹುಲ್ಲು ಬೆಳೆಯಲು ಬಿಟ್ಟರೆ ಮಣ್ಣಿಗೆ ಒಳ್ಳೆಯದೇ ಆಗಬಹುದು. ಕೆಡುವುದು ಮೊದಲ ವರ್ಷ, ಕಟ್ಟುವ ಹೊತ್ತಿನಲ್ಲಿ. ನಮ್ಮ ಹೊಲದ ಮೇಲ್ಭಾಗದಲ್ಲಿ ಒಂದು ಪ್ಲಾಂಟ್ ಬಂತು. ಯಾರದು ಅಂತ ಬೇಡ. ನೆಲ ಇನ್ನೂ ಸಮ ಬೇಕು ಅಂತ ಮೇಲ್ಮಣ್ಣನ್ನು ಕೆರೆದು ತಗ್ಗಿಗೆ ತುಂಬಿದರು. ಅಜ್ಜನ ಕಾಲದಿಂದ ಹದ ಮಾಡಿದ ಒಂದು ಅಡಿ ಮಣ್ಣು ಒಂದು ವಾರದಲ್ಲಿ ತಳಕ್ಕೆ ಹೋಯಿತು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಭಾರದ ಲಾರಿ ಓಡಾಡಿ ಮಣ್ಣು ಹೆಂಚಿನ ಹಾಗೆ ಗಟ್ಟಿಯಾಯಿತು. ಅಲ್ಲಿಂದ ಮುಂದೆ ನೀರು ಇಂಗುವುದು ನಿಂತು, ಪ್ಯಾನೆಲ್ ಸಾಲಿನ ಅಂಚಿನಿಂದ ಸುರಿದ ನೀರೆಲ್ಲ ಕೊರಕಲು ಮಾಡಿಕೊಂಡು ನಮ್ಮ ಹೊಲಕ್ಕೆ ನುಗ್ಗಿತು. ಎರಡು ವರ್ಷ ಬಿತ್ತನೆ ಕೊಚ್ಚಿಕೊಂಡು ಹೋಯಿತು. ಕೇಳಲು ಹೋದರೆ ಗೇಟಿನಲ್ಲಿ ಕಾವಲಿನವರು ಬಿಟ್ಟರೆ ಮಾತಾಡುವವರೇ ಇಲ್ಲ. ಇದನ್ನು ತಪ್ಪಿಸಬಹುದಿತ್ತು. ನೆಲ ಕೆರೆಯದೆ ಇಳಿಜಾರಿಗೆ ತಕ್ಕಂತೆ ಕಂಬ ಹಾಕಬಹುದಿತ್ತು, ಮೊದಲು ಹುಲ್ಲು ಬಿತ್ತಿ ಆಮೇಲೆ ಕೆಲಸ ಶುರು ಮಾಡಬಹುದಿತ್ತು. ಮಾಡಲಿಲ್ಲ, ಯಾಕೆಂದರೆ ಕರಾರಿನಲ್ಲಿ ಯಾರೂ ಬರೆಸಿರಲಿಲ್ಲ.

ನೆರಳು ಬೆಳೆ:

ಬೆಳೆಯೂ ಬೇಕು ಪ್ಯಾನೆಲೂ ಬೇಕು ಅಂದಿರಲ್ಲ, ಅದರ ಬಗ್ಗೆ ನಾನು ಹೇಳುತ್ತೇನೆ. ನಾಲ್ಕು ವರ್ಷದಿಂದ ಇದನ್ನೇ ಓದುತ್ತಾ, ನೋಡುತ್ತಾ ಇದ್ದೇನೆ.

ಹೊಸ ಯೋಚನೆ ಏನಲ್ಲ. ಜರ್ಮನಿಯ ಅಡಾಲ್ಫ್ ಗೋಟ್ಸ್‌ಬರ್ಗರ್ ಮತ್ತು ಆರ್ಮಿನ್ ಝಾಸ್ಟ್ರೋ 1980ರ ದಶಕದ ಶುರುವಿನಲ್ಲೇ ಪ್ಯಾನೆಲ್ ಎತ್ತರಿಸಿ, ಸಾಲುಗಳ ನಡುವೆ ಅಂತರ ಬಿಟ್ಟು, ಕೆಳಗೆ ಬೆಳೆ ತೆಗೆಯಬಹುದು ಅಂತ ಬರೆದಿದ್ದರು. ಜಪಾನಿನಲ್ಲಿ ಅಕಿರಾ ನಾಗಶಿಮಾ 2004ರಲ್ಲಿ ಇದನ್ನು ಮಾಡಿ ತೋರಿಸಿದರು. ಅವರ ಮಾತಿನ ತಿರುಳು ಸರಳ. ಗಿಡಕ್ಕೆ ಒಂದು ಮಟ್ಟ ದಾಟಿದ ಬಿಸಿಲು ಕೆಲಸಕ್ಕೆ ಬರುವುದಿಲ್ಲ, ಆ ಹೆಚ್ಚಿನ ಬಿಸಿಲನ್ನು ನಾವು ತಗೊಂಡರೆ ಗಿಡಕ್ಕೆ ನಷ್ಟ ಇಲ್ಲ.

ಜರ್ಮನಿಯ ಹೆಗ್ಗೆಲ್‌ಬಾಕ್ ಅನ್ನುವ ಕಡೆ ಐದು ಮೀಟರ್ ಎತ್ತರದಲ್ಲಿ ಪ್ಯಾನೆಲ್ ಹಾಕಿ ಕೆಳಗೆ ಟ್ರಾಕ್ಟರ್ ಓಡಿಸಿ ಪರೀಕ್ಷೆ ಮಾಡಿದರು. 2017ರಲ್ಲಿ ಗೋಧಿ, ಆಲೂಗಡ್ಡೆ ಎಲ್ಲ ನೂರಕ್ಕೆ 18-19ರಷ್ಟು ಕಡಿಮೆ ಬಂತು. 2018 ಬಿರುಬಿಸಿಲಿನ ವರ್ಷ. ಆಗ ಪಕ್ಕದ ಬಯಲು ಹೊಲಕ್ಕಿಂತ ಅದೇ ಗೋಧಿ ನೂರಕ್ಕೆ 3ರಷ್ಟು, ಅದೇ ಆಲೂಗಡ್ಡೆ ನೂರಕ್ಕೆ 11ರಷ್ಟು ಜಾಸ್ತಿ ಬಂತು. ನನಗೆ ಇದರಲ್ಲಿ ಕಾಣುವುದು ಇಷ್ಟು. ಒಳ್ಳೆಯ ವರ್ಷದಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೀರಿ, ಕೆಟ್ಟ ವರ್ಷದಲ್ಲಿ ನೆರಳು ಕಾಪಾಡುತ್ತದೆ. ಅಮೆರಿಕದ ಅರಿಝೋನಾದಲ್ಲಿ ಮರುಭೂಮಿಯ ಬಿಸಿಲಲ್ಲಿ ಮಾಡಿದ ಪ್ರಯೋಗದ ಫಲ 2019ರಲ್ಲಿ ಬಂತು. ಒಂದು ಬಗೆಯ ಕಾಡು ಮೆಣಸಿನಕಾಯಿ ಪ್ಯಾನೆಲ್ ಕೆಳಗೆ ಮೂರು ಪಟ್ಟು ಕಾಯಿ ಬಿಟ್ಟಿತು, ಚಿಕ್ಕ ಟೊಮೆಟೊ ಎರಡು ಪಟ್ಟು. ಮಣ್ಣಿನಲ್ಲಿ ತೇವ ಜಾಸ್ತಿ ಹೊತ್ತು ಉಳಿಯಿತು. ಗಿಡಗಳ ತಂಪಿನಿಂದ ಪ್ಯಾನೆಲ್ ಕೂಡ ಹಗಲಿನಲ್ಲಿ ಸುಮಾರು 9 ಡಿಗ್ರಿ ತಣ್ಣಗಿತ್ತು. ಪ್ಯಾನೆಲ್ ಬಿಸಿಯಾದಷ್ಟೂ ಕರೆಂಟ್ ಕಡಿಮೆ ಕೊಡುತ್ತದೆ, ಹಾಗಾಗಿ ಇಬ್ಬರಿಗೂ ಲಾಭ.

ಈಗ ತೊಡಕು. ಎತ್ತರದ ಚೌಕಟ್ಟಿಗೆ ಕಬ್ಬಿಣ ಜಾಸ್ತಿ ಬೇಕು, ಗಾಳಿಗೆ ತಡೆಯಬೇಕು, ಖರ್ಚು ಏರುತ್ತದೆ. ದೊಡ್ಡ ಕೊಯ್ಲು ಯಂತ್ರ ಒಳಗೆ ತಿರುಗುವಷ್ಟು ಅಗಲ ಬಿಡಬೇಕು. ಎಲ್ಲ ಬೆಳೆಗೂ ಆಗುವುದಿಲ್ಲ. ಸೊಪ್ಪು, ಶುಂಠಿ, ಅರಿಶಿನದಂಥವು ನೆರಳು ತಡೆಯುತ್ತವೆ, ಮೆಕ್ಕೆಜೋಳಕ್ಕೆ ತುಂಬು ಬಿಸಿಲೇ ಬೇಕು. ಅದಕ್ಕಿಂತ ದೊಡ್ಡ ತೊಡಕು ಮೋಸದ್ದು. ಕೆಳಗೆ ಬೆಳೆ ಇಡುತ್ತೇವೆ ಅಂತ ಒಪ್ಪಿಗೆ ತಗೊಂಡು, ಒಂದು ಮೂಲೆಯಲ್ಲಿ ನಾಲ್ಕು ಗಿಡ ನೆಟ್ಟು ಕೈ ತೊಳೆದುಕೊಳ್ಳುವುದು. ಅದಕ್ಕೇ ನಿಯಮ ಮಾಡಿದ್ದಾರೆ. ಜಪಾನಿನಲ್ಲಿ ಆ ಪ್ರದೇಶದ ಸರಾಸರಿ ಇಳುವರಿಯ ನೂರಕ್ಕೆ 80 ಆದರೂ ಬರಬೇಕು ಅಂತ ಇಟ್ಟರು. ಜರ್ಮನಿಯ 2021ರ ಮಾನದಂಡದಲ್ಲಿ ಅದು 66. ಫ್ರಾನ್ಸ್ 2024ರಲ್ಲಿ 90 ಮಾಡಿತು. ಇಟಲಿ ಅದೇ ವರ್ಷ ಉಳುವ ಭೂಮಿಯಲ್ಲಿ ನೆಲಕ್ಕೆ ಹತ್ತಿಸಿ ಹಾಕುವ ಪ್ಯಾನೆಲ್‌ಗೆ ತಡೆ ಹಾಕಿ, ಎತ್ತರಿಸಿ ಬೆಳೆ ತೆಗೆಯುವುದಕ್ಕೆ ಬಿಟ್ಟಿತು.

ನಿಮ್ಮ ಕಂಪನಿಯವರು ಬೆಳೆಯ ಮಾತು ಎತ್ತಿದರೆ ಎಷ್ಟು ಎತ್ತರ, ಸಾಲಿನ ನಡುವೆ ಎಷ್ಟು ಅಂತರ, ಬೆಳೆಯುವವರು ಯಾರು, ಇಳುವರಿ ಅಳೆಯುವವರು ಯಾರು ಅಂತ ಕೇಳಿ. ಉತ್ತರ ಇದ್ದರೆ ಮುಂದೆ ಹೋಗಿ.

ಕುರಿಮಂದೆ:

ಒಂದೇ ಮಾತು. ಮಾಮೂಲಿ ತಗ್ಗು ಪ್ಯಾನೆಲ್ ಕೆಳಗೂ ಕುರಿ ಮೇಯುತ್ತವೆ. ಹುಲ್ಲು ಕತ್ತರಿಸುವ ಯಂತ್ರದ ಕೆಲಸ ಅವೇ ಮಾಡುತ್ತವೆ, ಮಧ್ಯಾಹ್ನ ನೆರಳಲ್ಲಿ ಮಲಗುತ್ತವೆ. ಕೆಲವು ದೇಶಗಳಲ್ಲಿ ಕುರಿಗಾರರಿಗೆ ಮೇಯಿಸಿದ್ದಕ್ಕೆ ಕಂಪನಿಯೇ ದುಡ್ಡು ಕೊಡುತ್ತದೆ. ಆಡು ಬೇಡ, ಪ್ಯಾನೆಲ್ ಹತ್ತುತ್ತವೆ, ತಂತಿ ಕಚ್ಚುತ್ತವೆ. ದನಕ್ಕೆ ಎತ್ತರ ಸಾಲದು, ಮೈ ಉಜ್ಜಿ ಕಂಬ ಅಲ್ಲಾಡಿಸುತ್ತವೆ. ಮೇಯಿಸುವ ಹಕ್ಕು ಆ ಜಾಗದ ಕುರಿಗಾರರಿಗೇ ಅಂತ ಕರಾರಿನಲ್ಲಿ ಹಾಕಿಸಿ. ಮೇಲೆ ಮಣ್ಣಿನ ಋಣ ಅಕ್ಕ ಹೇಳಿದ ಭೂಮಿ ಇಲ್ಲದವರಲ್ಲಿ ಕೆಲವರಿಗಾದರೂ ದಾರಿಯಾಗುತ್ತದೆ.

ಬದುವಿನಂಚು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಬ್‌ಸ್ಟೇಷನ್ ನಿಜ, ಮುಕ್ಕಾಲು ಮೈಲಿ ಕೂಡ ಇಲ್ಲ, ನನಗೆ ಅದು ಹೊಳೆದೇ ಇರಲಿಲ್ಲ. ಅಕ್ಕಾ, ನೀವು ಹೇಳಿದಂತೆ ಬರೆದು ನೋಡಿದೆ. ನಮ್ಮ ಹೊಲಕ್ಕೆ ವರ್ಷದಲ್ಲಿ ಬೇರೆ ಬೇರೆ ಹೊತ್ತಿಗೆ 22 ಜನ ಬರುತ್ತಾರೆ. ಹೆಸರು ಬರೆದ ಮೇಲೆ ಮನಸ್ಸು ಭಾರವಾಯಿತು. ಅಪ್ಪನಿಗೂ ಆ ಪಟ್ಟಿ ತೋರಿಸಿದೆ.

ಕಂಪನಿಯವರು ಒಂದು ಕರಡು ಕೊಟ್ಟಿದ್ದಾರೆ. ಅದರಲ್ಲಿ ಏನು ನೋಡಬೇಕು? ಮತ್ತೆ ಚಿಕ್ಕಪ್ಪನ ವಿಷದ ಮಾತು ಏನಾಯಿತು?

ಕಾಗದ ಪತ್ರ:

ಭೂಮಿಯ ಕರಾರು ಓದುವುದೇ ನನ್ನ ಕೆಲಸ. ನಾಡಿಗೊಂದು ಕಾನೂನು ಇರುತ್ತದೆ, ಅದಕ್ಕೇ ಕೊನೆಗೆ ನಿಮ್ಮ ಕಡೆಯ ವಕೀಲರಿಗೆ ತೋರಿಸಲೇಬೇಕು, ಕಂಪನಿಯವರು ಗೊತ್ತುಮಾಡಿದ ವಕೀಲರಿಗೆ ಅಲ್ಲ. ಆದರೆ ಎಲ್ಲ ಕಡೆ ಜನ ಎಡವುವುದು ಹೆಚ್ಚುಕಡಿಮೆ ಅದೇ ಜಾಗಗಳಲ್ಲಿ.

ಮೊದಲನೆಯದು, ಅವಧಿ ಮುಗಿದ ಮೇಲೆ ಕಂಪನಿ ಎಲ್ಲ ತೆಗೆದುಕೊಂಡು ಹೋಗುತ್ತದೆ ಅನ್ನುವ ಸಾಲು. ಎಲ್ಲ ಕರಡಿನಲ್ಲೂ ಇರುತ್ತದೆ, ಅದನ್ನು ಓದಿ ಎಲ್ಲರೂ ನೆಮ್ಮದಿಯಾಗಿ ಸಹಿ ಹಾಕುತ್ತಾರೆ. 28 ವರ್ಷ ಆದ ಮೇಲೆ ಆ ಕಂಪನಿ ಇರುತ್ತದಾ? ಪ್ರತಿ ಪ್ಲಾಂಟಿಗೂ ಬೇರೆ ಬೇರೆ ಹೆಸರಿನ ಒಂದು ಸಣ್ಣ ಕಂಪನಿ ಮಾಡುವುದು ಈ ವ್ಯವಹಾರದಲ್ಲಿ ಮಾಮೂಲು. ಅದರ ಹತ್ತಿರ ಆ ಪ್ಲಾಂಟ್ ಬಿಟ್ಟರೆ ಬೇರೆ ಆಸ್ತಿ ಇರುವುದಿಲ್ಲ. ಅದು ಮುಳುಗಿದರೆ ಕಂಬ, ತಂತಿ, ಪ್ಯಾನೆಲ್ ಎಲ್ಲ ನಿಮ್ಮ ತಲೆಗೆ. ಹಾಗಾಗಿ ಮಾತು ಸಾಲದು, ತೆಗೆಯುವ ಖರ್ಚಿಗೆ ಬ್ಯಾಂಕ್ ಗ್ಯಾರಂಟಿಯೋ ಠೇವಣಿಯೋ ಈಗಲೇ ಬೇಕು. ಐದು ವರ್ಷಕ್ಕೊಮ್ಮೆ ಆ ಮೊತ್ತ ಮರುಲೆಕ್ಕ ಆಗಬೇಕು. ಕಂಬವನ್ನು ನೆಲಮಟ್ಟಕ್ಕೆ ಕತ್ತರಿಸಿ ಹೋದರೆ ನೇಗಿಲು ಹಾಕಲು ಆಗುವುದಿಲ್ಲ, ಪೂರ್ತಿ ಕೀಳಬೇಕು, ನೆಲದೊಳಗಿನ ಕೇಬಲ್ ಸಮೇತ ಅಂತ ಬರೆಸಿ.

ಎರಡನೆಯದು ಇನ್ನೂ ನವಿರಾದದ್ದು. ಬಾಡಿಗೆ ಯಾವ ದಿನದಿಂದ? ಎಷ್ಟೋ ಕರಡುಗಳಲ್ಲಿ ಮೊದಲ ಕೆಲವು ವರ್ಷ ಕಾಯ್ದಿರಿಸುವ ಅವಧಿ ಅಂತ ಇರುತ್ತದೆ. ಆಗ ಕೈಗೆ ಬರುವುದು ಅಲ್ಪಸ್ವಲ್ಪ, ಇಲ್ಲವೇ ಏನೂ ಇಲ್ಲ, ಆದರೆ ನೀವು ಬೇರೆ ಯಾರಿಗೂ ಕೊಡುವಂತಿಲ್ಲ. ಆ ಅವಧಿಯಲ್ಲಿ ಬೆಳೆ ತೆಗೆಯುವ ಹಕ್ಕು ನಿಮ್ಮದೇ, ನಿಂತ ಬೆಳೆ ಇದ್ದರೆ ಪರಿಹಾರ ಕೊಡಬೇಕು ಅಂತ ಹಾಕಿಸಿ. ಬಾಡಿಗೆ ಏರುವುದು ಎಷ್ಟು ವರ್ಷಕ್ಕೊಮ್ಮೆ, ಬೆಲೆ ಏರುವಿಕೆಯ ಜೊತೆ ಹೆಜ್ಜೆ ಹಾಕುತ್ತದಾ, ಅದನ್ನೂ ನೋಡಿ. ಇವತ್ತು ದೊಡ್ಡದಾಗಿ ಕಾಣುವ ಮೊತ್ತ 20ನೇ ವರ್ಷಕ್ಕೆ ಹಾಗೇ ಕಾಣುವುದಿಲ್ಲ.

ಆಮೇಲೆ ಅಡಮಾನ. ಕಂಪನಿ ತನ್ನ ಪ್ಯಾನೆಲ್, ತನ್ನ ಗುತ್ತಿಗೆಯ ಹಕ್ಕು ಅಡವಿಟ್ಟು ಸಾಲ ತಗೊಳ್ಳಲಿ, ನಿಮ್ಮ ಭೂಮಿಯನ್ನಲ್ಲ. ಗುತ್ತಿಗೆಯನ್ನು ಬೇರೆಯವರಿಗೆ ದಾಟಿಸಿದರೆ ಹೊಸಬರ ಮೇಲೂ ಎಲ್ಲ ಹೊಣೆ ಹಾಗೇ ಇರಬೇಕು. ಇನ್ನೊಂದು, ಭೂಮಿ ದಾಖಲೆಯಲ್ಲಿ ಕೃಷಿಯಿಂದ ಬೇರೆ ಬಳಕೆಗೆ ಬದಲಾದರೆ ತೆರಿಗೆ ಏರಬಹುದು, ಅದನ್ನು ಕಟ್ಟುವವರು ಯಾರು, 28 ವರ್ಷದ ನಂತರ ಮತ್ತೆ ಕೃಷಿ ಭೂಮಿ ಅಂತ ಮಾಡಿಸಿಕೊಡುವವರು ಯಾರು? ಇದು ಬಿಟ್ಟುಹೋದರೆ ನಿಮ್ಮದೇ ಹೊಲದಲ್ಲಿ ನೀವು ರೈತರಲ್ಲ ಅಂತ ಆಗಿಬಿಡಬಹುದು.

ಟ್ರಾನ್ಸ್‌ಫಾರ್ಮರ್:

ವಿಷದ ಬಗ್ಗೆ. ಈಗ ಹಾಕುವ ಪ್ಯಾನೆಲ್‌ಗಳಲ್ಲಿ ಹೆಚ್ಚಿನವು ಸಿಲಿಕಾನಿನವು. ಗಾಜು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಹಾಳೆ, ಸಿಲಿಕಾನ್, ಸ್ವಲ್ಪ ಬೆಳ್ಳಿ, ತಾಮ್ರ. ಬೆಸುಗೆಯಲ್ಲಿ ಅಷ್ಟಿಷ್ಟು ಸೀಸ ಇರುತ್ತದೆ. ಎಲ್ಲ ಗಾಜಿನೊಳಗೆ ಮುಚ್ಚಿರುತ್ತದೆ, ಗಟ್ಟಿಯಾಗಿರುವ ಪ್ಯಾನೆಲ್‌ನಿಂದ ಮಣ್ಣಿಗೆ ಏನೂ ಸೋರುವುದಿಲ್ಲ. ಕ್ಯಾಡ್ಮಿಯಂ ಟೆಲ್ಯುರೈಡ್ ಅನ್ನುವ ಬೇರೆ ಜಾತಿಯೂ ಇದೆ, ಕ್ಯಾಡ್ಮಿಯಂ ವಿಷದ ಲೋಹ, ಹಾಗಾಗಿ ಯಾವುದು ಹಾಕುತ್ತೀರಿ ಅಂತ ಕೇಳಿ. ಚಿಕ್ಕಪ್ಪನವರ ಭಯ ಪೂರ್ತಿ ತಪ್ಪು ಅಂತ ಮಾತ್ರ ಹೇಳಬೇಡಿ. ಆಲಿಕಲ್ಲಿಗೋ ಬಿರುಗಾಳಿಗೋ ಒಡೆದ ಪ್ಯಾನೆಲ್ ಅನ್ನು ಅಲ್ಲೇ ಹೊಲದಲ್ಲಿ ಬಿಟ್ಟರೆ ಗಾಜಿನ ಚೂರು ಮಣ್ಣಿನಲ್ಲಿ ಸೇರಿ, ಆರಿಸಿ ತೆಗೆಯುವುದು ಕಷ್ಟ. ಒಡೆದದ್ದನ್ನು ಇಷ್ಟು ದಿನದೊಳಗೆ ತೆಗೆಯಬೇಕು ಅಂತ ಬರೆಸಿ.

ಇನ್ನೊಂದು ವಿಷಯ, ನಮ್ಮವರು ಸಾಮಾನ್ಯವಾಗಿ ಬಾಯಿ ಬಿಡದ್ದು. ಪ್ಯಾನೆಲ್ 28 ವರ್ಷಕ್ಕೆ ಸತ್ತುಹೋಗುವುದಿಲ್ಲ, ವರ್ಷಕ್ಕೆ ಸುಮಾರು ಶೇಕಡಾ 0.5ರಷ್ಟು ಶಕ್ತಿ ಕುಂದುತ್ತದೆ ಅಷ್ಟೇ. ಆ ಹೊತ್ತಿಗೆ ಲೈನ್, ಸಬ್‌ಸ್ಟೇಷನ್, ರಸ್ತೆ ಎಲ್ಲ ಸಿದ್ಧ ಇರುತ್ತದೆ. ಹಳೆಯದು ತೆಗೆದು ಹೊಸ ಪ್ಯಾನೆಲ್ ಹಾಕುವುದೇ ಎಲ್ಲರಿಗೂ ಲಾಭ ಅನ್ನಿಸುತ್ತದೆ. ಹಾಗಾಗಿ ತಾತ್ಕಾಲಿಕ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಮುಂದುವರಿಸುವ ಹಕ್ಕು ಕಂಪನಿ ಒಬ್ಬರದೇ ಅಂತ ಇದ್ದರೆ ಹೊಡೆದುಹಾಕಿಸಿ, ಎರಡೂ ಕಡೆಯವರು ಒಪ್ಪಿದರೆ ಮಾತ್ರ ಅಂತ ಮಾಡಿಸಿ.

ಮಣ್ಣಿನ ಋಣ:

ಇದನ್ನು ನೀವೇ ಒಪ್ಪಿಕೊಂಡಿದ್ದು ನೋಡಿ ಮನಸ್ಸಿಗೆ ಹಿತವಾಯಿತು. ನಾನು ಪ್ಯಾನೆಲ್ ಬೇಡ ಅನ್ನುವವಳಲ್ಲ. ಛಾವಣಿ ಇದೆ, ಗೋದಾಮಿನ ಮೇಲೆ ಎಕರೆಗಟ್ಟಲೆ ಶೀಟ್ ಇದೆ, ಗಣಿ ಅಗೆದು ಬಿಟ್ಟ ನೆಲ ಇದೆ, ಗುಜರಾತಿನಲ್ಲಿ 2012ರಲ್ಲೇ ಕಾಲುವೆ ಮೇಲೆ ಹಾಕಿ ತೋರಿಸಿದರು. ಅವೆಲ್ಲ ಖರ್ಚು ಜಾಸ್ತಿ, ಅಷ್ಟರಿಂದಲೇ ಸಾಲದು ಅನ್ನುತ್ತೀರಿ, ಗೊತ್ತು. ಆದರೂ ಸಾಲಿನಲ್ಲಿ ಮೊದಲು ನಿಲ್ಲಬೇಕಾದದ್ದು ಅವು. ಇಂಗ್ಲೆಂಡಿನಲ್ಲಿ ಭೂಮಿಗೆ ದರ್ಜೆ ಮಾಡಿ, 1, 2 ಮತ್ತು 3ಎ ದರ್ಜೆಯದನ್ನು ಒಳ್ಳೆಯ ಭೂಮಿ ಅಂತ ಗುರುತಿಸಿದ್ದಾರೆ, ಆದಷ್ಟು ಅದನ್ನು ಬಿಟ್ಟು ಕೆಳದರ್ಜೆಯದನ್ನು ನೋಡಿ ಅನ್ನುತ್ತಾರೆ. ಎರಡು ಬೆಳೆ ಕೊಡುವ ಹೊಲ ಕೊನೆಯಲ್ಲಿ ನಿಲ್ಲಲಿ.

ಬದುವಿನಂಚು:

ನಿನ್ನೆ ರಾತ್ರಿ ಅಪ್ಪ, ಚಿಕ್ಕಪ್ಪ ಇಬ್ಬರನ್ನೂ ಕೂರಿಸಿಕೊಂಡು ಇದನ್ನೆಲ್ಲ ಓದಿ ಹೇಳಿದೆ. ಅಕ್ಕಪಕ್ಕದ ಐದು ಮನೆಯವರೂ ಬಂದಿದ್ದರು. ಒಬ್ಬೊಬ್ಬರೇ ಸಹಿ ಹಾಕುವುದು ಬೇಡ, ಎಲ್ಲರೂ ಸೇರಿ ಒಂದೇ ಮಾತಾಡೋಣ ಅಂತ ಆಯಿತು. ಮೊದಲು ಆ ಬರಡು ನೆಲದವರನ್ನು ಕರೆದುಕೊಂಡು ಹೋಗಿ ಕಂಪನಿಯವರ ಮುಂದೆ ಕೂರುತ್ತೇವೆ, ಲೈನ್ ಖರ್ಚಿನ ಲೆಕ್ಕ ಬರೆದು ಕೊಡಿ ಅಂತ ಕೇಳುತ್ತೇವೆ. ಅದು ಆಗದಿದ್ದರೆ ನಮ್ಮಲ್ಲಿ ಕೆಳಗಿನ 8 ಎಕರೆ ಮಾತ್ರ, ಅದೂ ಎತ್ತರದ ಪ್ಯಾನೆಲ್ ಆದರೆ. ಅಪ್ಪ ಇದಕ್ಕೆ ಇನ್ನೂ ಪೂರ್ತಿ ಹೂಂ ಅಂದಿಲ್ಲ. ಚಿಕ್ಕಪ್ಪ ಮಾತ್ರ ಒಂದು ಕೇಳಿದರು, ಕೊಡುವ ಮೊದಲು ಮಣ್ಣು ಹೇಗಿತ್ತು ಅನ್ನುವುದಕ್ಕೆ ಸಾಕ್ಷಿ ಏನು ಇಟ್ಟುಕೊಳ್ಳುವುದು ಅಂತ.

ಕಾಗದ ಪತ್ರ:

ಚಿಕ್ಕಪ್ಪನವರು ಕೇಳಿದ್ದೇ ಸರಿ. ಹೊಲದ ಬೇರೆ ಬೇರೆ ಕಡೆ, ಮೇಲಿನ ಅರ್ಧ ಅಡಿಯದ್ದು ಬೇರೆ, ಅದರ ಕೆಳಗಿನದ್ದು ಬೇರೆ ಅಂತ ಮಾದರಿ ತೆಗೆಸಿ. ಎರಡೂ ಕಡೆಯವರ ಎದುರಿಗೇ ತೆಗೆಸಿ. ಪರೀಕ್ಷೆಯ ಫಲ ಬಂದ ಮೇಲೆ ಅದನ್ನು ಕರಾರಿಗೇ ಲಗತ್ತಿಸಿ ಇಬ್ಬರೂ ಸಹಿ ಹಾಕಿ. ಎಲ್ಲಿಂದ ತೆಗೆದದ್ದು ಅನ್ನುವ ಗುರುತು ಇರುವ ನಕ್ಷೆ, ಬದು ಮತ್ತು ನೀರು ಹರಿಯುವ ದಾರಿಯ ಫೋಟೋ ಕೂಡ ಇರಲಿ. ಮೊದಲ ಲಾರಿ ಒಳಗೆ ಬರುವ ಮುಂಚೆ ಇದೆಲ್ಲ ಮುಗಿದಿರಬೇಕು.